ಮುಚ್ಚಳದಡಿಯ ಪಟಿಕ

ಹಾಲು ಕಾಯಿಸಲು ಒಲೆ ಹಚ್ಚುವ ಮೊದಲು ಮೀನಿನ ತೊಟ್ಟಿಯ ಮುಂದೆ ಒಂದು ಗಳಿಗೆ ನಿಲ್ಲುವುದು ದ್ಯಾವಮ್ಮನಿಗೆ ರೂಢಿಯಾಗಿಬಿಟ್ಟಿತ್ತು. ಅವತ್ತೂ ನಿಂತಳು. ಗಂಡು ಮೀನು ಹೀಟರಿನ ಹಿಂದಿನ ಮೂಲೆ ಸೇರಿ ಓರೆಯಾಗಿ ನಿಂತಿತ್ತು. ಮಾಗಿದ ಕಿತ್ತಳೆಯಂತಿದ್ದ ಮೈ ಸೀದ ರೊಟ್ಟಿಯ ಹಾಗೆ ಕಪ್ಪಿಟ್ಟಿತ್ತು. ಹೆಣ್ಣು ನೀರಿನ ಮೇಲಕ್ಕೇ ಬಾಯಿ ಹಚ್ಚಿ, ಓಡಿಬಂದ ಮುದುಕಿಯಂತೆ ಗಾಳಿ ಎಳೆಯುತ್ತಿತ್ತು.

ದ್ಯಾವಮ್ಮ ಮೊದಲು ತಿರುಗಿ ನೋಡಿದ್ದು ಒಳಕೋಣೆಯ ಬಾಗಿಲ ಕಡೆಗೆ. ಸೊಸೆ ಮನೆಯಲ್ಲಿಲ್ಲ, ಬಯಕೆ ಊಟಕ್ಕೆಂದು ಅಜ್ಜಂಪುರದ ತವರಿಗೆ ಹೋಗಿದ್ದಾಳೆ ಎಂಬುದು ನೆನಪಾಗಿ ಉಸಿರು ಬಂತು. ಇವತ್ತು ಸಂಜೆಗೆ ವಾಪಸು ಬರುತ್ತಾಳೆ ಎಂಬುದು ನೆನಪಾಗಿ ಬಂದ ಉಸಿರು ಹಾಗೇ ಸಿಕ್ಕಿಕೊಂಡಿತು.

ಸೊಸೆ ಶ್ರುತಿಗೆ ಎರಡು ಸಲ ಬಸಿರು ನಿಂತು ನಿಂತು ಜಾರಿಹೋಗಿತ್ತು. ಎರಡನೆಯದು ಹೋದ ಮೇಲೆ ಅವಳು ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ತಟ್ಟೆಯ ಮುಂದೆ ಕೂರುತ್ತಿದ್ದಳು, ತುತ್ತು ಮಾತ್ರ ಬಾಯಿಗೆ ಹೋಗುತ್ತಿರಲಿಲ್ಲ. ಆಗ ದ್ಯಾವಮ್ಮನ ಮಗ ವಿಜಯ್, ಕಡೂರು ಡಿಪೋದಲ್ಲಿ ಕಂಡಕ್ಟರು, ತರೀಕೆರೆಯ ದಾವೂದ್ ಸಾಬರ ಹತ್ತಿರ ಈ ಗಾಜಿನ ತೊಟ್ಟಿಯನ್ನೂ ಡಿಸ್ಕಸ್ ಅನ್ನುವ ಜಾತಿಯ ಈ ಎರಡು ಮೀನನ್ನೂ ತಂದ. ತಟ್ಟೆಯಷ್ಟು ದುಂಡಗಿನ, ಚಪ್ಪಟೆ, ಸದಾ ಬೆಚ್ಚಗಿನ ನೀರೇ ಬೇಕಾದ ಮೀನು. ತಂದ ಹೊಸದರಲ್ಲಿ ಅವೂ ಏನನ್ನೂ ತಿನ್ನಲಿಲ್ಲ. ಅವು ತಿನ್ನಲಿ ಎಂದು ಶ್ರುತಿ ತೊಟ್ಟಿಯ ಮುಂದೆ ಕಾದು ಕೂತಳು. ಅವು ತಿಂದ ದಿನ ಇವಳೂ ತಿಂದಳು. ಮುಂದೆ ಕೆಲವೇ ತಿಂಗಳಿಗೆ ಮುಟ್ಟು ನಿಂತಿತು, ಹೊಟ್ಟೆ ಕಾಣಿಸಿತು, ಈಗ ಏಳು ತುಂಬಿತ್ತು.

"ಅವು ಚೆನ್ನಾಗವೆ ಅತ್ತೆ, ನಾನೂ ಚೆನ್ನಾಗಿದ್ದೀನಿ," ಎಂದು ಶ್ರುತಿ ಬೆಳಿಗ್ಗೆ ಎದ್ದು ಹೇಳುತ್ತಿದ್ದಳು. ತಮಾಷೆಗೆ ಹೇಳಿದಂತೆ ಹೇಳುತ್ತಿದ್ದಳು. ಕೇಳಿದವರು ಯಾರೂ ನಗುತ್ತಿರಲಿಲ್ಲ.

ಮನೆಯ ಯಜಮಾನ ಜವರಯ್ಯ, ಕರೆಂಟು ಇಲಾಖೆಯಲ್ಲಿ ಲೈನ್‌ಮನ್ ಆಗಿ ಕಂಬ ಹತ್ತಿ ನಿವೃತ್ತನಾದವನು, ಇಂಥದ್ದಕ್ಕೆಲ್ಲ ಬಗ್ಗುವ ಆಳಲ್ಲ. ಹರೆಯದಲ್ಲೇ ಬೌದ್ಧ ದೀಕ್ಷೆ ತೆಗೆದುಕೊಂಡವನು. ಪಡಸಾಲೆಯಲ್ಲಿ ಬುದ್ಧನ ಪಟ, ಬಾಬಾಸಾಹೇಬರ ಪಟ. ದೃಷ್ಟಿಗೆಂದು ಬಾಗಿಲ ಮೇಲೆ ಕಟ್ಟಿದ್ದ ಬೂದುಗುಂಬಳವನ್ನು ತಾನೇ ಏಣಿ ಹಾಕಿ ಬಿಚ್ಚಿ, "ಇನ್ನು ಈ ಹೊಸಿಲೊಳಗೆ ಹೆದರಿಕೆ ಮಾರೋರ ಸಾಮಾನು ಬರಕೂಡದು," ಎಂದಿದ್ದ. ದ್ಯಾವಮ್ಮ ಹೂಂಗುಟ್ಟಿದ್ದಳು. ಬರೀ ಬಾಯಿಮಾತಿಗಲ್ಲ, ಮನಸ್ಸಿನಿಂದಲೇ ಹೂಂಗುಟ್ಟಿದ್ದಳು. ಹಳೆಯ ಹರಕೆಗಳ ಕಾಟ ತಪ್ಪಿ ಅವಳಿಗೂ ಹಗುರವಾಗಿತ್ತು. ಆದರೆ ಅವಳು ನೋಡಿದ್ದಳು: ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಜವರಯ್ಯನೂ ದಾರಿ ತಪ್ಪಿದವನಂತೆ ತೊಟ್ಟಿಯ ಮುಂದೆ ಹಾದೇ ಹೋಗುತ್ತಿದ್ದ.

ಹೀಗಿರುವಾಗ ಒಂದು ದಿನ ಎದುರುಮನೆ ಹುಲಿಯಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದವಳು ತೊಟ್ಟಿಯ ಮುಂದೆ ಕಣ್ಣರಳಿಸಿ ನಿಂತಳು.

"ಏನ್ ಚಂದ ಅವೆ ಕಣೇ ದ್ಯಾವಿ! ಹೊಸಾ ತಾಮ್ರದ ತಟ್ಟೆ ಬೆಳಗಿ ಇಟ್ಟಂಗವೆ. ಮನೇಗೆ ಬರೋ ಕಂಟಕಾನ ಮೀನು ತಾನೇ ಹೊತ್ಕಂಡು ಸಾಯ್ತವಂತೆ, ನಮ್ಮ ತಮ್ಮನ ಮನೇಲಿ ಹಂಗೇ ಆಯ್ತು."

"ಸತ್ರೆ?"

"ಸತ್ರೆ ಒಳ್ಳೇದಾಯ್ತು ಅಂತ ಅನ್ಕೋಬೇಕು. ಮನೆಯೋರಿಗೆ ಬರೋದು ಕಳೀತು."

"ಎರಡೂ ಸತ್ರೆ?"

ಹುಲಿಯಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ತಳ್ಳಿದಳು. "ಆಗ ಮೂರನೇದು ಯಾರ್ದು ಅಂತ ನೋಡ್ಬೇಕಾಯ್ತದೆ."

ಮಜ್ಜಿಗೆ ತೆಗೆದುಕೊಂಡು ಅವಳು ಹೋದಳು. ಹೆದರುವವರ ಮೇಲೆ ಕಪ್ಪೆ ಎಸೆದ ಹಾಗಾಯಿತು. ಮಾರನೆಯ ದಿನವೇ ದ್ಯಾವಮ್ಮ ಪೇಟೆಗೆ ಹೋಗಿ ಗ್ರಂಧಿಗೆ ಅಂಗಡಿಯಲ್ಲಿ ಪಟಿಕದ ಗಟ್ಟಿ ಎರಡು ತಂದಳು. ಕ್ಷೌರದಂಗಡಿಯಲ್ಲಿ ಗಡ್ಡ ಕೆರೆದ ಮೇಲೆ ಸವರುವ ಅದೇ ಬಿಳಿಯ ಕಲ್ಲು. ಕಪ್ಪು ದಾರ ಕಟ್ಟಿ ಅಂಗಡಿ ಬಾಗಿಲಿಗೆ ತೂಗುಬಿಟ್ಟರೆ ಬಂದ ಕಣ್ಣನ್ನೆಲ್ಲ ಎಳೆದುಕೊಳ್ಳುತ್ತದೆ ಎನ್ನುತ್ತಾರೆ. ಬಾಗಿಲಿಗೆ ಕಟ್ಟಿದರೆ ಗಂಡನ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಒಂದನ್ನು ಶ್ರುತಿಯ ಮಂಚದ ಅಡಿಪಟ್ಟಿಗೆ ಕಟ್ಟಿದಳು. ಇನ್ನೊಂದನ್ನು ಮೀನಿನ ತೊಟ್ಟಿಯ ಮುಚ್ಚಳದ ಒಳಗೆ, ಲೈಟಿನ ವೈರು ಹಾದುಹೋಗುವ ಕಡೆ, ನೀರಿನ ಮೇಲೆ ತೂಗುವಂತೆ ಕಟ್ಟಿದಳು. ವಿಜಯ್ ಬೆಂಗಳೂರು ಬಸ್ಸಿನ ಮೇಲೆ ಹೋದರೆ ಬರುವುದೇ ದಿನ ಬಿಟ್ಟು ದಿನ. ಮೀನಿಗೆ ನೀರು ಬದಲಿಸುವ ಕೆಲಸ ದ್ಯಾವಮ್ಮನದೇ ಆಗಿತ್ತು. ಬೇರೆ ಯಾರೂ ಆ ಮುಚ್ಚಳ ಎತ್ತುತ್ತಿರಲಿಲ್ಲ.

ವಾರ ಕಳೆದು ಎತ್ತಿ ನೋಡಿದರೆ ಮುಚ್ಚಳದೊಳಗಿನ ಗಟ್ಟಿ ಚೀಪಿಟ್ಟ ಕಲ್ಲುಸಕ್ಕರೆಯಂತೆ ಸವೆದಿತ್ತು. ಇಷ್ಟೊಂದು ಎಳೆದುಕೊಂಡಿದೆ ಎಂದರೆ ಬಿದ್ದ ಕಣ್ಣು ಎಂಥದ್ದಿರಬೇಕು! ಓಡಿಹೋಗಿ ಇನ್ನೂ ದೊಡ್ಡದು ತಂದು ಕಟ್ಟಿದಳು. ಅದೂ ಕರಗಿತು. ಮತ್ತೊಂದು ಕಟ್ಟಿದಳು. ಪ್ರತಿ ಸಲವೂ ಹೋಗಿ ಮಂಚದಡಿ ಬಗ್ಗಿ ನೋಡುತ್ತಿದ್ದಳು. ಅಲ್ಲಿಯದು ತಂದಾಗ ಹೇಗಿತ್ತೋ ಹಾಗೇ ಇತ್ತು. ಹಾಗಾದರೆ ಬರುವುದೆಲ್ಲ ಮೀನಿನ ಮೇಲೇ ಬರುತ್ತಿದೆ, ಸೊಸೆಯ ತನಕ ಬಂದಿಲ್ಲ. ಮೀನು ಇರುವ ತನಕ ಬರುವುದಿಲ್ಲ.

ಆ ಮೀನು ಈಗ ಮೂಲೆ ಹಿಡಿದಿತ್ತು.

ಹಿಂದಿನ ದಿನವೇ ಬಣ್ಣ ಮಾಸಿದ್ದು ಕಂಡು ಅವಳು ದಾವೂದ್ ಸಾಬರಿಗೆ ಫೋನು ಹಚ್ಚಿದ್ದಳು. "ತಂಡಿ ಹಿಡಿದಿರ್ಬೇಕು ಅಕ್ಕಾ, ಸ್ವಲ್ಪ ಕಲ್ಲುಪ್ಪು ಹಾಕಿ, ಹೀಟರು ಒಂದಿಷ್ಟು ಜಾಸ್ತಿ ಮಾಡಿ," ಎಂದಿದ್ದರು. ಹಾಗೇ ಮಾಡಿದ್ದಳು. ಬೆಳಗಾಗುವುದರಲ್ಲಿ ಹೀಗಾಗಿತ್ತು. ಈಗ ಮತ್ತೆ ಫೋನು ಹಚ್ಚಿದಾಗ ಅವಳ ದನಿ ಕೇಳಿಯೇ ಸಾಬರು, "ಮುಂದಿನ ಬಸ್ಸಿಗೆ ಹೊರಡ್ತೀನಿ," ಎಂದರು. ಜವರಯ್ಯ ಸೊಸೆಯನ್ನು ಕರೆತರಲು ಅಜ್ಜಂಪುರದ ದಾರಿ ಹಿಡಿದಾಗಿತ್ತು. ಹೊರಡುವಾಗ ತೊಟ್ಟಿಯ ಮೇಲೆ ಅವಳು ಹೊದಿಸಿದ್ದ ಟವಲು ನೋಡಿ, "ಇದ್ಯಾಕೆ?" ಎಂದ. "ಬಿಸಿಲು ಬೀಳ್ತದೆ," ಎಂದಳು. ಆ ಮೂಲೆಗೆ ಬಿಸಿಲು ಬಂದದ್ದೇ ಇಲ್ಲ. ಜವರಯ್ಯ ಅವಳ ಮುಖ ನೋಡಿ ಚಪ್ಪಲಿ ಮೆಟ್ಟಿಕೊಂಡ.

ದಾವೂದ್ ಸಾಬರು ಬಂದವರು ಕೊಟ್ಟ ನೀರನ್ನೂ ಕುಡಿಯದೆ ಟವಲು ಎತ್ತಿದರು. ನೋಡಿ, "ಯಾ ಅಲ್ಲಾ," ಎಂದು ನಿಧಾನಕ್ಕೆ ಕೂತರು. ಚೀಲದಿಂದ ಚಿಕ್ಕ ಗಾಜಿನ ಕೊಳವೆ, ಕಣ್ಣಿಗೆ ಬಿಡುವ ಔಷಧಿಯಂಥ ಬಾಟಲಿ ತೆಗೆದರು. ತೊಟ್ಟಿಯ ನೀರು ತುಂಬಿಸಿ ಒಂದು ಹನಿ ಬಿಟ್ಟರು. ನೀರು ಹಳದಿಯಾಯಿತು. ಬಾಟಲಿಯ ಮೇಲೇ ಸಂಶಯ ಬಂದವರಂತೆ ಬಚ್ಚಲಿನ ಬೋರ್‌ವೆಲ್ ನೀರು ತರಿಸಿ ಅದಕ್ಕೂ ಬಿಟ್ಟರು. ಅದು ನೀಲಿಯಾಗಿ, ಹನಿಯ ಮೇಲೆ ಹನಿ ಬಿಟ್ಟರೂ ನೀಲಿಯಾಗಿಯೇ ಉಳಿದು, ಎಷ್ಟೋ ಹನಿ ಆದ ಮೇಲೆ ಹಳದಿಗೆ ತಿರುಗಿತು.

"ನೋಡಿ ಅಕ್ಕಾ. ನಿಮ್ಮ ಬೋರಿನ ನೀರು ಇಷ್ಟು ಹನಿ ಹುಳಿ ತಡ್ಕಂತು. ತೊಟ್ಟಿ ನೀರು ಒಂದು ಹನೀನೂ ತಡೀಲಿಲ್ಲ. ಯಾವ ನೀರು ಹಾಕ್ತಿದ್ರಿ?"

"ಕ್ಯಾನಿನ ಫಿಲ್ಟರ್ ನೀರೇ ಸಾಬ್ರೇ, ಚೊಕ್ಕಟವಾದ್ದು."

"ಅದರ ಜೊತೆಗೆ ಒಂದು ಪಾಲು ಬೋರಿಂದು ಬೆರೆಸಿ ಅಂದಿದ್ನಲ್ಲ?"

"ಬಿಟ್ಬಿಟ್ಟೆ. ಬೋರಿನ ನೀರು ಕುಡೀಬ್ಯಾಡ, ಬರೀ ಫಿಲ್ಟರ್ ನೀರೇ ಕುಡಿ ಅಂತ ಡಾಕ್ಟ್ರಮ್ಮ ಸೊಸೆಗೆ ಹೇಳಿದ್ರು. ಬೇಳೆ ಬೇಯದ ನೀರು, ಸೋಪು ನೊರೆ ಬರದ ನೀರು. ಬಸುರಿಗೆ ಆಗದ್ದು ಮೀನಿಗೆ ಹೆಂಗಾದಾತು ಅಂತ..."

ಸಾಬರು ಹಣೆ ಒತ್ತಿಕೊಂಡರು. ಬೈಯುವರೇನೋ ಎಂದುಕೊಂಡಳು. ಬೈಯಲಿಲ್ಲ. "ಬರೀ ಗಡಸು ನೀರು ಇವಕ್ಕೆ ಆಗಲ್ಲ, ಅದು ಖರೆ. ಆದ್ರೆ ಬರೀ ಮೆದು ನೀರಿಗೆ ಬೆನ್ನುಮೂಳೆನೇ ಇರಲ್ಲ ಅಕ್ಕಾ. ಏನು ಬಿದ್ರೂ ಆ ಕಡೆಗೇ ವಾಲಿಬಿಡ್ತದೆ. ಆದ್ರೂ ಇಷ್ಟು ಬೇಗ ಇಷ್ಟು ಹುಳಿ ತಿರುಗಲ್ಲ. ಇನ್ನೇನೋ ಬಿದ್ದೈತೆ. ಏನು ಹಾಕಿದ್ರಿ?"

"ಏನಿಲ್ಲಪ್ಪ."

"ಯೋಚಿಸಿ ಹೇಳಿ."

"ನೀವು ಹೇಳಿದ ಉಪ್ಪು, ಅಷ್ಟೇ. ನನ್ನ ಸೊಸೆ ಹೊಟ್ಟೆ ಆಣೆಗೂ..." ಎಂದವಳು ಅಲ್ಲಿಗೇ ನಾಲಗೆ ಕಚ್ಚಿಕೊಂಡಳು. ಎಂಥಾ ಆಣೆ ಬಾಯಿಗೆ ಬಂದುಬಿಟ್ಟಿತ್ತು!

ಸಾಬರು ಹೀಟರು ತಗ್ಗಿಸಲೆಂದು ಮುಚ್ಚಳ ಎತ್ತಿದರು. ಬಿಸಿ ಆವಿ ಮುಖಕ್ಕೆ ರಾಚಿತು. ಮುಚ್ಚಳದ ಒಳಮೈಯಿಂದ ಒಂದು ಹನಿ ಅವರ ಮುಂಗೈ ಮೇಲೆ ಬಿತ್ತು. ಯಾಕೆ ಅನ್ನಿಸಿತೋ, ಅದನ್ನು ನಾಲಗೆಗೆ ಮುಟ್ಟಿಸಿಕೊಂಡರು. ಮುಖ ಕಿವಿಚಿದರು. ಬಗ್ಗಿ ಮೇಲಕ್ಕೆ ನೋಡಿದರು. ಕಪ್ಪು ದಾರದ ತುದಿಯಲ್ಲಿ ಹುಣಸೆಬೀಜದಷ್ಟು ಉಳಿದ ಪಟಿಕ, ಒದ್ದೆಯಾಗಿ ಹೊಳೆಯುತ್ತ, ತೊಟ್ ಎಂದು ಇನ್ನೊಂದು ಹನಿ ಬಿಟ್ಟಿತು.

"ಇದೇನಕ್ಕಾ?"

ದ್ಯಾವಮ್ಮ ಗೋಡೆ ಹಿಡಿದು ಕೆಳಗೆ ಕೂತಳು. ಕಣ್ಣು ಎಳೆದುಕೊಂಡು ಕರಗುತ್ತಿದೆ ಎಂದುಕೊಂಡದ್ದು ತಾನೇ ಕಾಯಿಸಿದ ನೀರಿನ ಆವಿಗೆ ಕರಗಿತ್ತು. ಕರಗಿ ಕರಗಿ ಮೀನಿನ ಬಾಯಿಗೇ ಬಿದ್ದಿತ್ತು. ಸವೆದಂತೆಲ್ಲ ದೊಡ್ಡದು, ಇನ್ನೂ ದೊಡ್ಡದು ತಂದು ಕಟ್ಟಿದ ಕೈ ಇದೇ.

ಸಾಬರು ದಾರ ಬಿಚ್ಚಿ ಅವಳ ಮುಂದೆ ಇಟ್ಟರು. "ನನ್ನ ಅಂಗಡಿ ಬಾಗಿಲಾಗೂ ನಿಂಬೆಹಣ್ಣು ಮೆಣಸಿನಕಾಯಿ ತೂಗ್ತೈತೆ. ನಾನೇನು ನಿಮಗೆ ಹೇಳೋದು? ಹೀಟರು ಜಾಸ್ತಿ ಮಾಡಿ ಅಂತ ಫೋನಲ್ಲೇ ವೈದ್ಯ ಮಾಡ್ದೋನು ನಾನು. ಆವಿ ಹೆಚ್ಚಿ ಇನ್ನಷ್ಟು ಕರಗೈತೆ. ಇದ್ರಾಗೆ ನಂದೂ ಪಾಲೈತೆ."

ಅಷ್ಟರಲ್ಲಿ ದ್ಯಾವಮ್ಮ ಎದ್ದು ಬಚ್ಚಲಿಗೆ ನುಗ್ಗಿ ಬೋರಿನ ನೀರಿನ ಬಕೆಟ್ಟನ್ನೇ ಎತ್ತಿಕೊಂಡು ಬಂದಿದ್ದಳು. ಗಡಸು ಬೇಕು ತಾನೇ, ಸುರಿದುಬಿಟ್ಟರಾಯಿತು. ಸಾಬರು ಬಕೆಟ್ಟಿನ ಕಂಠ ಹಿಡಿದು ತಡೆದರು.

"ಸುರೀಬ್ಯಾಡಿ! ಈಗ ಸುರಿದ್ರೆ ಈಗ್ಲೇ ಸಾಯ್ತವೆ. ಹುಳಿ ನೀರಿನಾಗೆ ಅವುಗಳ ಹೊಲಸು ವಿಷ ಕಳ್ಕಂಡು ಮಲಗಿರ್ತದೆ. ನೀರು ಒಂದೇ ಏಟಿಗೆ ತಿರುಗಿದ್ರೆ ಆ ವಿಷ ಒಂದೇ ಏಟಿಗೆ ಎದ್ದು ಕೂರ್ತದೆ. ಮೆಲ್ಲಗೆ, ಅಕ್ಕಾ. ಕೂಸಿಗೆ ಗುಟುಕು ಕೊಟ್ಟಂಗೆ."

ಅಡುಗೆ ಸೋಡಾ ಕೇಳಿ, ಲೋಟ ನೀರಿಗೆ ಚಿಟಿಕೆಯಷ್ಟು ಕದಡಿದರು. ಒಂದು ಚಮಚ ತೊಟ್ಟಿಗೆ ಬಿಡುವುದು. ಒಂದು ಎಲೆಯಡಿಕೆ ಹಾಕಿ ಅಗಿದು ಮುಗಿಸುವಷ್ಟು ಹೊತ್ತು ಕಾಯುವುದು. ಮೀನಿನ ಸ್ಥಿತಿ ಇನ್ನಷ್ಟು ಕೆಡದಿದ್ದರೆ ಇನ್ನೊಂದು ಚಮಚ. ಸಂಜೆಗೆ ಮುಗಿಯುವ ಕೆಲಸವಲ್ಲ. ನಾಳೆಯೂ ಇದೇ, ನಾಡಿದ್ದೂ ಇದೇ. ಆಮೇಲೆ ಕ್ಯಾನಿನ ನೀರಿಗೆ ಬೋರಿನ ನೀರು ಬೆರೆಸಿ ಲೋಟ ಲೋಟವಾಗಿ.

"ಬದುಕ್ತವಾ?"

"ನಂಗೊತ್ತಿಲ್ಲ ಅಕ್ಕಾ," ಎಂದರು ಸಾಬರು. ಸುಳ್ಳಾದರೂ ಹೇಳಬಾರದಿತ್ತೇ ಎನ್ನಿಸಿತು ಅವಳಿಗೆ.

ಮೂರನೆಯ ಚಮಚ ಬಿಡುವ ಹೊತ್ತಿಗೆ ಗಂಡು ಮೀನು ಮೂಲೆಯಿಂದ ಬಿಟ್ಟುಕೊಂಡು, ಒಣಗಿದ ಎಲೆಯಂತೆ ಅಡ್ಡಬಿದ್ದು ತೇಲಿತು. ಸಾಬರು ಅದನ್ನು ಬೊಗಸೆಯಲ್ಲಿ ಎತ್ತಿ ಬಾಳೆಲೆ ಚೂರಿನ ಮೇಲೆ ಇಟ್ಟರು. ತರೀಕೆರೆಯ ತಮ್ಮ ತೊಟ್ಟಿಗಳಿಗೆ ಮೇವು ಹಾಕುವವರಿಲ್ಲ ಎಂದು ಹೇಳಿ, ಎರಡೆರಡು ಸಲ ತಿರುಗಿ ನೋಡುತ್ತ ಬಸ್ಸಿಗೆ ಹೋದರು.

ದ್ಯಾವಮ್ಮ ಒಬ್ಬಳೇ ಉಳಿದಳು. ಹೆಣ್ಣು ಮೀನಿನ ಕಿವಿರು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಪೂರಾ ಲೋಟ ಸುರಿದು ಇದೊಂದನ್ನಾದರೂ ಬೇಗ ಉಳಿಸಿಕೊಂಡುಬಿಡೋಣ ಎಂದು ಕೈ ಎಳೆಯುತ್ತಿತ್ತು. ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಳು. ಆಯುಷ್ಯದಲ್ಲಿ ಅವಳು ಹೊಲದಲ್ಲಿ ಕಳೆ ಕಿತ್ತಿದ್ದಳು, ಕಟ್ಟಡಕ್ಕೆ ಇಟ್ಟಿಗೆ ಹೊತ್ತಿದ್ದಳು. ಸುಮ್ಮನೆ ಕಾಯುವುದು ಇಷ್ಟು ಭಾರವೆಂದು ಗೊತ್ತಿರಲಿಲ್ಲ.

ಬಾಗಿಲಲ್ಲಿ ಹುಲಿಯಮ್ಮ ಇಣುಕಿದಳು. ಬಾಳೆಲೆಯ ಮೇಲಿನ ಮೀನು ನೋಡಿದ್ದೇ ಸೆರಗು ಬಾಯಿಗೆ ಒತ್ತಿಕೊಂಡಳು.

"ಹೋಗ್ಲಿ ಬಿಡೇ, ಅಳಬ್ಯಾಡ. ನಿನ್ನ ಸೊಸೆಗೆ ಬರೋದನ್ನ ಹೊತ್ಕಂಡು ಹೋಯ್ತು. ಅವಳಿಗೂ ಹಂಗೇ ಹೇಳು, ಸಮಾಧಾನ ಆಯ್ತದೆ."

"ಇನ್ನೊಂದು ಹೋದ್ರೆ ಏನು ಹೇಳ್ಲಿ?"

"ಅದನ್ನ ಹುಷಾರಾಗಿ ನೋಡ್ಕ ಮತ್ತೆ. ಹೆರಿಗೆ ಆಗೋ ತನಕ ಅದು ಇರ್ಬೇಕು."

ಅವಳು ಹೋದ ಮೇಲೂ ಆ ಮಾತು ಮನೆಯೊಳಗೇ ಕೂತಿತ್ತು. ಹೇಳಲು ಸುಲಭದ ಮಾತು. ಹೇಳಿದರೆ ಯಾರೂ ದ್ಯಾವಮ್ಮನನ್ನು ದೂರುವುದಿಲ್ಲ. ಪಟಿಕದ ಸುದ್ದಿ ಬಚ್ಚಲ ಮೋರಿಯಲ್ಲಿ ಹೋಗುತ್ತದೆ, ಗಂಡನ ಮುಂದೆ ಮಾನ ಉಳಿಯುತ್ತದೆ. ಆದರೆ ಸೊಸೆ? ಇವತ್ತಿನಿಂದ ಹೆರಿಗೆಯ ದಿನದ ತನಕ ಈ ಒಂದು ಮೀನಿನ ಕಿವಿರನ್ನೇ ನೋಡುತ್ತ ಕೂರುತ್ತಾಳೆ. ಅದು ಒಂದು ದಿನ ತಿನ್ನದಿದ್ದರೆ ಇವಳೂ ತಿನ್ನುವುದಿಲ್ಲ. ಅದು ಸತ್ತರೆ... ದ್ಯಾವಮ್ಮನಿಗೆ ಮುಂದೆ ಯೋಚಿಸಲು ಧೈರ್ಯ ಬರಲಿಲ್ಲ. ತಾನು ಮುಚ್ಚಳದಡಿ ಕಟ್ಟಿದ ಗಟ್ಟಿಯನ್ನೇ ಈಗ ಸೊಸೆಯ ಎದೆಯೊಳಗೆ ಕಟ್ಟಿದಂತಾಗುತ್ತದೆ ಎಂದು ಮಾತ್ರ ಹೊಳೆಯಿತು.

ಆಟೋ ಸದ್ದಾಯಿತು. ಸತ್ತ ಮೀನನ್ನು ಮರೆಮಾಡಲು ಅವಳು ಎದ್ದಳು. ಎದ್ದವಳು ಮತ್ತೆ ಕೂತಳು.

ಶ್ರುತಿ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ತಲೆಯಲ್ಲಿ ತವರಿನವರು ಮುಡಿಸಿದ ಹೂವು ಇನ್ನೂ ಬಾಡಿರಲಿಲ್ಲ. ಕಣ್ಣು ನೇರ ತೊಟ್ಟಿಗೆ ಹೋಯಿತು. ಅಲ್ಲಿ ಒಂದೇ. ಆಮೇಲೆ ಬಾಳೆಲೆಗೆ ಬಂತು. ಮುಖದ ರಕ್ತ ಇಳಿದುಹೋಯಿತು.

"ಅತ್ತೆ..."

"ಕೂತ್ಕೋ ಮಗ. ಮೊದ್ಲು ಕೂತ್ಕೋ. ಕಣ್ಣಾಗಿದ್ದಲ್ಲ, ಕಂಟಕ ಅಲ್ಲ, ಏನೂ ಅಲ್ಲ. ನಾನೇ ಸಾಯಿಸ್ದೆ." ದ್ಯಾವಮ್ಮ ಒಂದೇ ಉಸಿರಿಗೆ ಹೇಳಿದಳು. ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಪಟಿಕ, ಕಪ್ಪು ದಾರ, ಆವಿ, ಬಿಟ್ಟುಬಿಟ್ಟ ಬೋರಿನ ನೀರು, ಮತ್ತೆ ಮತ್ತೆ ತಂದು ಕಟ್ಟಿದ್ದು, ಹಿಂದಿನ ದಿನವೇ ಬಣ್ಣ ಮಾಸಿದ್ದು, ಎಲ್ಲವನ್ನೂ ಹೇಳಿದಳು. ಉಳಿದ ತುಣುಕನ್ನು ಅಂಗೈ ಮೇಲಿಟ್ಟು ತೋರಿಸಿದಳು.

ಸೊಸೆಯ ಬೆನ್ನಿಗೇ ಬಂದಿದ್ದ ಜವರಯ್ಯ ಕನ್ನಡಕ ತೆಗೆದ. "ಲೇ, ಈ ಮನೇಲಿ..." ಎಂದು ಶುರುಮಾಡಿದ.

"ಮಾವ, ತಡೀರಿ." ಶ್ರುತಿಯ ದನಿ ಸಣ್ಣಗಿತ್ತು. "ಅತ್ತೆ, ನಂಗೂ ಕಟ್ಟಿದ್ದೀರಾ?"

ದ್ಯಾವಮ್ಮ ತಲೆ ಎತ್ತಲಿಲ್ಲ. ಒಳಕೋಣೆಯ ಕಡೆ ಬೆರಳು ತೋರಿಸಿದಳು.

ಜವರಯ್ಯನೇ ಮಂಡಿಯೂರಿ, ನರಳಿಕೊಂಡು, ಮಂಚದಡಿ ಕೈ ಹಾಕಿ ಬಿಚ್ಚಿಕೊಂಡು ಬಂದ. ಜೇಡರ ಬಲೆ ಹತ್ತಿದ, ಅಂಚು ಕೂಡ ಸವೆಯದ ಪೂರಾ ಗಟ್ಟಿ. ಶ್ರುತಿ ಅದನ್ನು ಇಸಿದುಕೊಂಡು, ಅತ್ತೆಯ ಅಂಗೈಯ ತುಣುಕಿನ ಪಕ್ಕ ಹಿಡಿದು ನೋಡಿದಳು.

"ಒಂದೇ ದಿನ ತಂದಿದ್ದಾ ಎರಡೂ?"

"ಇದು ಪೂರಾ ಇರೋದು ಅವತ್ತಿಂದು. ಮುಚ್ಚಳದಡಿಯೋವು ಬದಲಾದ್ವು. ನಿಂದು ಕರಗ್ಲಿಲ್ಲ ಅಂತಾನೇ ನಾನು ರಾತ್ರಿ ನೆಮ್ಮದಿಯಾಗಿ ಕಣ್ಣು ಮುಚ್ತಿದ್ದೆ ಕಣವ್ವ."

"ಮಂಚದಡಿ ಆವಿ ಎಲ್ಲಿಂದ ಬರ್ತದೆ ಅತ್ತೆ?"

ಅದು ಪ್ರಶ್ನೆಯಂತಿರಲಿಲ್ಲ. ಶ್ರುತಿ ತನಗೇ ಹೇಳಿಕೊಂಡಂತಿತ್ತು. ಆಮೇಲೆ ಅವಳು ಹೊಟ್ಟೆಯ ಮೇಲೆ ಕೈಯಿಟ್ಟು, ಯಾರನ್ನೂ ನೋಡದೆ ಹೇಳಿದಳು: "ಅಜ್ಜಂಪುರಕ್ಕೆ ಹೋದ ದಿನ ನಂಗೆ ನಿದ್ದೆ ಹತ್ತಲಿಲ್ಲ. ಅವು ಹೆಂಗವೋ, ಉಸಿರಾಡ್ತವೋ ಇಲ್ವೋ ಅಂತ. ಫೋನ್ ಮಾಡಿ ಕೇಳೋಕೂ ಹೆದರಿಕೆ. ಮಾರನೇ ದಿನ ಇದು ಒಳಗೆ ಎಷ್ಟು ಒದ್ದಾಡ್ತು ಅಂದ್ರೆ, ಮೀನಿನ ಗ್ಯಾನ ಬರೋಕೇ ಬಿಡ್ಲಿಲ್ಲ. ನಿನ್ನೆಯಿಂದ ಇವು ಸಾಯ್ತಾ ಇದ್ವು. ಇದು ಒದೀತಾನೇ ಇತ್ತು."

ಅವಳ ಕಣ್ಣಿಂದ ನೀರಿಳಿಯಿತು. ಬಾಳೆಲೆಯ ಮೀನನ್ನು ಒಂದು ಬೆರಳಿನಿಂದ ಸವರಿ, "ಪಾಪ," ಎಂದಳು.

ಜವರಯ್ಯ ಪೂರಾ ಗಟ್ಟಿಯನ್ನು ಜೇಬಿಗೆ ಹಾಕಿಕೊಂಡ. ಬೈಯಲು ಕೂಡಿಸಿಟ್ಟ ಮಾತು ಬೇರೆಯಾಗಿ ಹೊರಬಂತು. "ಗಡ್ಡ ಕೆರೆದ ಮ್ಯಾಲೆ ಸವರ್ಕಳಾಕಾಯ್ತು. ಅಂಗಡಿಯೋನಿಗೆ ಒಳ್ಳೇ ಯಾಪಾರ ಕೊಟ್ಟಿದ್ದೀಯ." ಬಾಗಿಲ ತನಕ ಹೋಗಿ ಬೆನ್ನು ಹಾಕಿಕೊಂಡೇ ಹೇಳಿದ: "ಹೆದರಿಕೆ ಆದ್ರೆ ನಂಗೆ ಹೇಳ್ಬೇಕಿತ್ತು ಕಣೇ. ನಾನೂ ದಿನಾ ನೋಡ್ತಿರ್ಲಿಲ್ವಾ ಆ ತೊಟ್ಟಿನ?" ಸತ್ತ ಮೀನನ್ನು ಎತ್ತಿಕೊಂಡು ಹಿತ್ತಲಿನ ನುಗ್ಗೆಮರದ ಬುಡಕ್ಕೆ ಹೋದ.

ಚಮಚದ ಹೊತ್ತಾಗಿತ್ತು. ದ್ಯಾವಮ್ಮ ಲೋಟ ಎತ್ತಿಕೊಂಡಳು. ಶ್ರುತಿ ಕುರ್ಚಿ ಎಳೆದು, ತೊಟ್ಟಿಗೆ ಬೆನ್ನು ಮಾಡಿ, ಬೀದಿಯ ಕಡೆ ಮುಖ ತಿರುಗಿಸಿ ಕೂತಳು.

"ನೋಡಲ್ವೇನವ್ವ?"

"ನೀವು ನೋಡ್ಕಳಿ ಅತ್ತೆ. ಉಳಿದ್ರೆ ಉಳೀಲಿ. ನಂಗೆ ಹಸಿವಾಗೈತೆ, ಏನಿದ್ರೂ ಕೊಡಿ."

ದ್ಯಾವಮ್ಮ ಮುದ್ದೆ, ಉಪ್ಸಾರು ಹಾಕಿಕೊಟ್ಟಳು. ಸೊಸೆ ಮೊದಲ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಒಯ್ಯುವ ತನಕ ತಾನು ಉಸಿರು ಬಿಗಿಹಿಡಿದು ನಿಂತಳು. ತುತ್ತು ಗಂಟಲಿಳಿಯಿತು. ಎರಡನೆಯ ತುತ್ತಿಗೆ ಕೈ ತಟ್ಟೆಗೆ ಹೋಯಿತು. ಆಗ ದ್ಯಾವಮ್ಮ ತಿರುಗಿ ಒಂದು ಚಮಚ ಸೋಡಾ ನೀರನ್ನು ತೊಟ್ಟಿಗೆ ಬಿಟ್ಟಳು. ಹೆಣ್ಣು ಮೀನು ಮೇಲಿನಿಂದ ಒಂದು ಬೆರಳಿನಷ್ಟು ಕೆಳಗೆ ಜಾರಿತು. ಚೇತರಿಸಿಕೊಂಡು ಇಳಿಯಿತೋ, ಕೈಲಾಗದೆ ಇಳಿಯಿತೋ ತಿಳಿಯಲಿಲ್ಲ. ದ್ಯಾವಮ್ಮ ಬಾಯಿಗೆ ಒಂದು ಎಲೆಯಡಿಕೆ ಹಾಕಿಕೊಂಡು, ಕಿವಿಯನ್ನು ಸೊಸೆಯ ತಟ್ಟೆಯ ಸದ್ದಿನ ಕಡೆ ಇಟ್ಟುಕೊಂಡು, ಮುಂದಿನ ಚಮಚಕ್ಕೆ ಕಾಯುತ್ತ ಕೂತಳು.